ಗೆಲ್ಲದ ಪಕ್ಷದ ಲೆಕ್ಕ

2015ರಲ್ಲಿ ಓಕ್‌ಲ್ಯಾಂಡಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ನಾನು ಅಮೆರಿಕದ ಪ್ರಜೆಯಾದೆ. ಹಳೆಯ ಕಾಲದ ಆ ಸಿನಿಮಾ ಮಂದಿರದಲ್ಲಿ ನೂರಾರು ಜನ ಎದ್ದು ನಿಂತು, ಬಲಗೈ ಎತ್ತಿ, ಪ್ರಮಾಣವಚನ ಹೇಳಿದೆವು. ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪಯ್ಯ ಮೇಲಿನ ಬಾಲ್ಕನಿಯಲ್ಲಿ ಕೂತಿದ್ದರು. ಎಲ್ಲ ಮುಗಿಸಿ ಹೊರಗೆ ಬಂದರೆ ಫುಟ್‌ಪಾತಿನ ಮೇಲೆ ಮೇಜುಗಳನ್ನು ಹಾಕಿಕೊಂಡು ಸ್ವಯಂಸೇವಕರು ಕಾದಿದ್ದರು. ಒಬ್ಬ ಹಿರಿಯ ಹೆಂಗಸು ನನ್ನ ಕೈಗೆ ಪೆನ್ನನ್ನೂ ಮತದಾರರ ನೋಂದಣಿ ಅರ್ಜಿಯನ್ನೂ ಕೊಟ್ಟು, "ಅಭಿನಂದನೆ, ಇನ್ನು ಇದೊಂದು ತುಂಬಿ" ಎಂದಳು.

ಲೆಕ್ಕಪತ್ರದವನಿಗೆ ಅರ್ಜಿ ತುಂಬುವುದು ಉಸಿರಾಡಿದಷ್ಟು ಸಲೀಸು. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲ ಬರೆದೆ. ಆಮೇಲೆ ಕೈ ನಿಂತಿತು. ಯಾವ ರಾಜಕೀಯ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುತ್ತೀರಿ ಎಂದು ಸರ್ಕಾರದ ಕಾಗದವೇ ಕೇಳುತ್ತಿತ್ತು. ಪಟ್ಟಿಯಲ್ಲಿ ಆರು ಹೆಸರು. ಅಮೆರಿಕನ್ ಇಂಡಿಪೆಂಡೆಂಟ್, ಡೆಮಾಕ್ರಟಿಕ್, ಗ್ರೀನ್, ಲಿಬರ್ಟೇರಿಯನ್, ಪೀಸ್ ಅಂಡ್ ಫ್ರೀಡಮ್, ರಿಪಬ್ಲಿಕನ್. ಯಾವುದೂ ಬೇಡವೆನ್ನುವವರಿಗೆ ಬೇರೆ ಚೌಕ.

ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ನನ್ನ ಭುಜದ ಹಿಂದಿನಿಂದ ಓದಿದರು. "ಇದೆಂತದು ಮಾರಾಯ, ಶಾಂತಿ ಮತ್ತು ಸ್ವಾತಂತ್ರ್ಯ ಅಂತ ಒಂದು ಪಕ್ಷ? ಹಾಗಾದ್ರೆ ಶಾಂತಿ ಬೇಡ ಅನ್ನೋ ಪಕ್ಷವೂ ಇಲ್ಲಿ ಉಂಟಾ?"

ಆ ಹೆಸರನ್ನು ನಾನೂ ಅಂದೇ ಸರಿಯಾಗಿ ಗಮನಿಸಿದ್ದು. ಫೋನಿನಲ್ಲಿ ಹುಡುಕಿದೆ. ಸಮಾಜವಾದಿ ಪಕ್ಷವಂತೆ, ಕ್ಯಾಲಿಫೋರ್ನಿಯಾದ್ದಂತೆ, 1967ರಿಂದ ಇದೆಯಂತೆ. ನನಗೆ ನಗು ಬಂತು. ಪೌರತ್ವದ ಅರ್ಜಿಯಲ್ಲಿ, ಕಮ್ಯುನಿಸ್ಟ್ ಪಕ್ಷಕ್ಕೆ ಎಂದಾದರೂ ಸೇರಿದ್ದಿರಾ, ಅದರೊಂದಿಗೆ ಯಾವುದೇ ಬಗೆಯ ಸಂಬಂಧವಿತ್ತೇ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಇಲ್ಲ ಎಂದು ಬರೆದು, ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಒಳಗೆ ಬಂದವನಿಗೆ ಈಗ ಬಾಗಿಲಲ್ಲೇ, ಬಂಡವಾಳಶಾಹಿ ಹೋಗಬೇಕು ಎನ್ನುವ ಪಕ್ಷವೊಂದನ್ನು ಬೇಕಿದ್ದರೆ ಆರಿಸಿಕೋ ಎಂದು ಅದೇ ದೇಶ ಪಟ್ಟಿ ಹಿಡಿದು ನಿಂತಿತ್ತು.

ನಮ್ಮೂರಿನಲ್ಲಿ ಶಾಲೆಗೆ ಸೇರಿದ ದಿನದಿಂದ ಎಷ್ಟೋ ಅರ್ಜಿಗಳಲ್ಲಿ ಜಾತಿ ಬರೆಸಿದ್ದೇವೆ. ಪಕ್ಷ ಬರೆಸಿದ್ದಿಲ್ಲ. ಓಟು ಯಾರಿಗೆ ಎಂದು ಹೆಂಡತಿ ಕೇಳಿದರೂ ಹೇಳದವರು ನಾವು. ನಾನು ಯಾವ ಪಕ್ಷವೂ ಬೇಡ ಎನ್ನುವ ಚೌಕಕ್ಕೆ ಗುರುತು ಹಾಕಿ ಕಾಗದ ಹಿಂತಿರುಗಿಸಿದೆ. ಅಪ್ಪಯ್ಯ ಏನೂ ಹೇಳಲಿಲ್ಲ. ಆದರೆ ಆ ಹೆಸರು ಮನಸ್ಸಿನಲ್ಲಿ ಉಳಿಯಿತು. ಅರ್ಧ ಶತಮಾನ ರಾಜ್ಯಮಟ್ಟದ ಒಂದು ಹುದ್ದೆಯನ್ನೂ ಗೆಲ್ಲದ ಸಂಸ್ಥೆ ಇನ್ನೂ ಹೇಗೆ ಬಾಗಿಲು ತೆರೆದಿಟ್ಟುಕೊಂಡಿದೆ? ಲೆಕ್ಕ ಪರಿಶೋಧಕರು ಯಾವ ಕಂಪನಿಯ ಪುಸ್ತಕ ತೆರೆದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದು ಗೋಯಿಂಗ್ ಕನ್ಸರ್ನ್ ಹೌದೋ ಅಲ್ಲವೋ, ಮುಂದಿನ ವರ್ಷವೂ ಇದು ಇದ್ದೀತೇ ಎಂಬುದು. ಅದೇ ಪ್ರಶ್ನೆಯನ್ನು ಹಿಡಿದು ಬಿಡುವಾದಾಗಲೆಲ್ಲ ಈ ಪಕ್ಷದ ಚರಿತ್ರೆ ಓದುತ್ತಾ ಹೋದೆ.

1967ರ ಕ್ಯಾಲಿಫೋರ್ನಿಯಾವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ವಿಯೆಟ್ನಾಂ ಯುದ್ಧ ಉಚ್ಛ್ರಾಯದಲ್ಲಿದೆ. ಯುದ್ಧ ನಡೆಸುತ್ತಿರುವವರು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್. ವಿರೋಧ ಪಕ್ಷವಾದ ರಿಪಬ್ಲಿಕನ್ನರೂ ಯುದ್ಧದ ಪರ. ಸ್ಯಾಕ್ರಮೆಂಟೊದಲ್ಲಿ ಗವರ್ನರ್ ಆಗಿ ರೊನಾಲ್ಡ್ ರೇಗನ್ ಕೂತಿದ್ದಾರೆ. ಆ ವರ್ಷ ಜೂನ್ 23ರಂದು ಜಾನ್ಸನ್ ಲಾಸ್ ಏಂಜಲೀಸಿನ ಸೆಂಚುರಿ ಸಿಟಿಯ ಹೋಟೆಲಿಗೆ ಪಕ್ಷದ ನಿಧಿ ಸಂಗ್ರಹಕ್ಕೆ ಬಂದಾಗ ಹೊರಗೆ ಸಾವಿರಾರು ಜನ ಸೇರಿದರು. ಪೊಲೀಸರು ಲಾಠಿ ಬೀಸಿದರು. ಅಲ್ಲಿ ಏಟು ತಿಂದವರಲ್ಲಿ ಬಹಳಷ್ಟು ಜನ ಕ್ರಾಂತಿಕಾರಿಗಳಲ್ಲ. ಮಕ್ಕಳೊಂದಿಗೆ ಬಂದಿದ್ದ ಮಧ್ಯಮವರ್ಗದ ಸಂಸಾರಸ್ಥರು, ಅಲ್ಲಿಯವರೆಗೆ ಡೆಮಾಕ್ರಟರಿಗೇ ಓಟು ಹಾಕಿದ್ದವರು. ಯುದ್ಧ ಬೇಡ ಎನ್ನುವವನು ಮತಪತ್ರದಲ್ಲಿ ಗುರುತು ಹಾಕಲು ಒಂದು ಜಾಗವೂ ಇಲ್ಲವಲ್ಲ ಎಂಬ ಸಂಕಟ ಆ ಬೇಸಿಗೆಯಲ್ಲಿ ಪಕ್ಷವಾಯಿತು. ಶಾಂತಿ ಎಂದರೆ ವಿಯೆಟ್ನಾಮಿನಲ್ಲಿ, ಸ್ವಾತಂತ್ರ್ಯ ಎಂದರೆ ಕರಿಯ ಜನರಿಗೆ. ಅಪ್ಪಯ್ಯನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಶಾಂತಿ ಬೇಡ ಎನ್ನುವ ಪಕ್ಷಗಳು ಆಗ ಎರಡಿದ್ದವು, ಎರಡೂ ದೊಡ್ಡವು.

ಪಕ್ಷ ಕಟ್ಟುತ್ತೇವೆ ಎಂದರೆ ಸಾಕೇ? ನಮ್ಮಲ್ಲಾದರೆ ಠೇವಣಿ ಕಟ್ಟಿ ಸ್ಪರ್ಧಿಸಬಹುದು, ಚಲಾವಣೆಯಾದ ಮತಗಳ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ಸೋಲಿನ ದಂಡ ಕೊನೆಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಪಕ್ಷಕ್ಕೆ ದಂಡ ಮೊದಲಲ್ಲೇ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇಕಡಾ 1ರಷ್ಟು ಜನ ಆ ಹೊಸ ಪಕ್ಷದ ಹೆಸರಿನಲ್ಲಿ ಮತದಾರರಾಗಿ ನೋಂದಾಯಿಸಿಕೊಂಡಿರಬೇಕಿತ್ತು. ಆಗಿನ ಲೆಕ್ಕಕ್ಕೆ ಅದು ಸುಮಾರು 66 ಸಾವಿರ. 1968ರ ಜನವರಿ ಆರಂಭದೊಳಗೆ ಆಗಬೇಕು. ಅಂದರೆ ಬರೀ ಸಹಿ ಸಂಗ್ರಹವಲ್ಲ. ಒಬ್ಬೊಬ್ಬರನ್ನೂ ಹಿಡಿದು, ನೀವು ಈಗಿರುವ ಪಕ್ಷ ಬಿಟ್ಟು ಇನ್ನೂ ಹುಟ್ಟದ ಈ ಪಕ್ಷಕ್ಕೆ ಹೆಸರು ಬರೆಸಿ ಎಂದು ಒಪ್ಪಿಸಬೇಕು.

ಇದರ ಬೆಲೆ ಸಣ್ಣದಲ್ಲ. ಪಕ್ಷ ಬಿಟ್ಟವನು ಆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಓಟು ಹಾಕುವಂತಿಲ್ಲ. ಅದೂ ಎಂಥ ಸಮಯದಲ್ಲಿ! ನವೆಂಬರ್ 30ರಂದು, ನೋಂದಣಿಯ ಓಟ ಅರ್ಧದಲ್ಲಿರುವಾಗ, ಸೆನೆಟರ್ ಯೂಜೀನ್ ಮೆಕಾರ್ಥಿ ತಾವು ಯುದ್ಧವಿರೋಧಿಯಾಗಿ ಡೆಮಾಕ್ರಟಿಕ್ ಪಕ್ಷದೊಳಗಿನಿಂದಲೇ ಜಾನ್ಸನ್ ವಿರುದ್ಧ ನಿಲ್ಲುವುದಾಗಿ ಸಾರಿದರು. ಮಾರ್ಚಿನಲ್ಲಿ ರಾಬರ್ಟ್ ಕೆನಡಿಯೂ ಕಣಕ್ಕಿಳಿದರು. ಈಗ ಹೇಳಿ, ಯುದ್ಧ ನಿಲ್ಲಬೇಕು ಎನ್ನುವವನು ಎಲ್ಲಿರಬೇಕು? ದೊಡ್ಡ ಮನೆಯೊಳಗೆ ಇದ್ದು ಮೆಕಾರ್ಥಿಗೋ ಕೆನಡಿಗೋ ಓಟು ಹಾಕಬೇಕೇ, ಹೊರಗೆ ಬಂದು ಗುಡಿಸಲು ಕಟ್ಟಬೇಕೇ? ಚಿಕ್ಕ ಪಕ್ಷಗಳ ಚರಿತ್ರೆಯೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಜನವರಿಯ ಗಡುವಿಗೆ 1 ಲಕ್ಷದ 5 ಸಾವಿರಕ್ಕೂ ಹೆಚ್ಚು ಜನ ಹೊರಗೆ ಬಂದಿದ್ದರು. ಪಕ್ಷ ಮತಪತ್ರಕ್ಕೆ ಏರಿತು. ಆಮೇಲೆ ಆ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪ್ರಾಥಮಿಕ ಚುನಾವಣೆ ಗೆದ್ದ ರಾತ್ರಿಯೇ ಲಾಸ್ ಏಂಜಲೀಸಿನಲ್ಲಿ ಕೆನಡಿಗೆ ಗುಂಡೇಟು ಬಿತ್ತು. ಡೆಮಾಕ್ರಟಿಕ್ ಟಿಕೆಟ್ ಒಂದೂ ಪ್ರಾಥಮಿಕ ಚುನಾವಣೆಗೆ ಇಳಿಯದಿದ್ದ ಉಪಾಧ್ಯಕ್ಷ ಹಂಫ್ರಿ ಅವರ ಪಾಲಾಯಿತು.

ಆ ಮೊದಲ ವರ್ಷದ ಅಭ್ಯರ್ಥಿಗಳ ಪಟ್ಟಿ ನೋಡಿದರೆ ಆ ಕಾಲದ ಜಾತ್ರೆಯನ್ನೇ ನೋಡಿದಂತಾಗುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1964ರ ವಾಕ್ ಸ್ವಾತಂತ್ರ್ಯ ಚಳವಳಿಯ ನಾಯಕನಾಗಿದ್ದ ಮಾರಿಯೋ ಸಾವಿಯೊ ರಾಜ್ಯ ಸೆನೆಟ್ಟಿಗೆ ನಿಂತ. ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದೊಂದಿಗೆ ಮೈತ್ರಿಯಾಗಿತ್ತು. ಅದರ ಸ್ಥಾಪಕರಲ್ಲೊಬ್ಬನಾದ ಹ್ಯೂಯಿ ನ್ಯೂಟನ್ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯ ಆರೋಪದಲ್ಲಿ ಜೈಲಿನಲ್ಲಿದ್ದುಕೊಂಡೇ ಅಮೆರಿಕದ ಕಾಂಗ್ರೆಸ್ಸಿಗೆ ಅಭ್ಯರ್ಥಿಯಾದ. ನಾನು ಪ್ರಮಾಣವಚನ ತೆಗೆದುಕೊಂಡ ಥಿಯೇಟರಿನಿಂದ ಆತನ ವಿಚಾರಣೆ ನಡೆದ ನ್ಯಾಯಾಲಯಕ್ಕೆ ನಡೆದೇ ಹೋಗಬಹುದು. ಅಧ್ಯಕ್ಷ ಸ್ಥಾನಕ್ಕೆ ಎಲ್ಡ್ರಿಡ್ಜ್ ಕ್ಲೀವರ್. ಹಾಸ್ಯಗಾರ, ಹೋರಾಟಗಾರ ಡಿಕ್ ಗ್ರೆಗರಿ ಟಿಕೆಟ್ ಸಿಗದೆ ಬೇರೆ ಬಣದೊಂದಿಗೆ ಹೋದರು. ಬಣದ ಹೆಸರೇನು ಗೊತ್ತೇ? ಫ್ರೀಡಮ್ ಅಂಡ್ ಪೀಸ್! ಜನತಾ ಪರಿವಾರದ ಒಡಕುಗಳನ್ನು ಕಂಡ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಗ್ರೆಗರಿಗೆ ದೇಶದಲ್ಲಿ 47 ಸಾವಿರದಷ್ಟು, ಕ್ಲೀವರನಿಗೆ 36 ಸಾವಿರದಷ್ಟು ಮತ ಬಂದವು.

ಕ್ಲೀವರನ ಉಮೇದುವಾರಿಕೆಯಲ್ಲಿ ಇನ್ನೊಂದು ತೊಡಕಿತ್ತು. ಅಧ್ಯಕ್ಷನಾಗಲು 35 ವರ್ಷ ತುಂಬಿರಬೇಕು, ಆತನಿಗೆ 33. ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಮತಪತ್ರದಲ್ಲಿ ಆತನ ಹೆಸರು ಅಚ್ಚು ಹಾಕಲಿಲ್ಲ. ಅಧ್ಯಕ್ಷನ ಹೆಸರಿಲ್ಲದ ಆ ಸಾಲಿಗೂ ಈ ರಾಜ್ಯದಲ್ಲಿ ಸುಮಾರು 27 ಸಾವಿರ ಜನ ಓಟು ಹಾಕಿದರು. ಗೆಲ್ಲುವ ಆಸೆಯಿಂದ ಹಾಕಿದ ಓಟು ಅದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಒಂದು ಮಾತು ಹೇಳಲೇಬೇಕು. ಕ್ಲೀವರ್ ಹಿಂದೆ ಹೆಂಗಸರ ಮೇಲಿನ ಗಂಭೀರ ಅಪರಾಧಕ್ಕೆ ಜೈಲು ಕಂಡವನು, ಅದನ್ನು ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡವನು. ಸೆಂಚುರಿ ಸಿಟಿಯ ಸಂಸಾರಸ್ಥರಿಗೆ ಈತನನ್ನು ನುಂಗಿಕೊಳ್ಳುವುದು ಸುಲಭವಾಗಿದ್ದಿರಲಾರದು. ಪ್ರತಿಭಟನೆಯ ಪಕ್ಷಗಳು ಸಿಟ್ಟಿನ ಭರದಲ್ಲಿ ಯಾರನ್ನು ಮುಂದೆ ನಿಲ್ಲಿಸುತ್ತೇವೆ ಎಂಬ ಎಚ್ಚರ ತಪ್ಪುವುದುಂಟು. ಚುನಾವಣೆಯ ನಂತರ ದೇಶ ಬಿಟ್ಟು ಕ್ಯೂಬಾ, ಅಲ್ಜೀರಿಯಾ, ಫ್ರಾನ್ಸ್ ಸುತ್ತಿ ಬಂದ ಕ್ಲೀವರ್, ಮುಂದೆ 1986ರಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟ್ ಟಿಕೆಟ್ಟಿಗೆ ಪ್ರಯತ್ನಿಸಿದ. ಆತ ನಿಂತಿದ್ದ ಪಕ್ಷ ಮಾತ್ರ ನಿಂತಲ್ಲೇ ನಿಂತಿತ್ತು.

ನೀವು ಮತ ಒಡೆದಿದ್ದರಿಂದಲೇ ನಿಕ್ಸನ್ ಗೆದ್ದ ಎಂಬ ಮಾತು ಇಂಥವರ ತಲೆಗೆ ಯಾವಾಗಲೂ ಕಟ್ಟುತ್ತದೆ. ಲೆಕ್ಕದವನಾದ್ದರಿಂದ ತಾಳೆ ನೋಡಿದೆ. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಕ್ಸನ್ ಗೆದ್ದ ಅಂತರ ಸುಮಾರು 2 ಲಕ್ಷ 23 ಸಾವಿರ. ಆ 27 ಸಾವಿರವನ್ನು ಪೂರ್ತಿ ಹಂಫ್ರಿಗೆ ಕೊಟ್ಟರೂ ಫಲಿತಾಂಶ ಬದಲಾಗದು. 2000ದಲ್ಲಿ ಫ್ಲಾರಿಡಾದ ಕತೆ ಬೇರೆ, ಅಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರ. ಆದ್ದರಿಂದ ಈ ಆರೋಪ ಯಾವಾಗಲೂ ಸುಳ್ಳಲ್ಲ, ಯಾವಾಗಲೂ ನಿಜವೂ ಅಲ್ಲ. ಪ್ರತಿ ಸಲವೂ ಕೂಡಿಸಿ ಕಳೆದೇ ನೋಡಬೇಕು.

ಇಲ್ಲಿ ನಮ್ಮವರ ಲೆಕ್ಕವೂ ಒಂದು ಸಿಕ್ಕಿಕೊಳ್ಳುತ್ತದೆ. ಭಾರತದಿಂದ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಬಿಡುತ್ತಿದ್ದ ಹಳೆಯ ವಲಸೆ ಕಾನೂನು 1965ರಲ್ಲಿ ಬದಲಾಯಿತು, ಹೊಸದು ಪೂರ್ತಿಯಾಗಿ ಜಾರಿಗೆ ಬಂದದ್ದು 1968ರ ಜುಲೈ 1ರಂದು. ಬಣ್ಣ ನೋಡಿ ಮನುಷ್ಯರನ್ನು ಅಳೆಯಬಾರದು ಎಂದು ಕರಿಯ ಜನರು ಬೀದಿಗಿಳಿದು ಹೋರಾಡದೇ ಇದ್ದರೆ ಆ ಕಾನೂನು ಬದಲಾಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಆಗ ನಾವು ಯಾರೂ ಇಲ್ಲಿರಲಿಲ್ಲ, ಲಾಠಿ ಏಟು ತಿನ್ನಲಿಲ್ಲ. ಆದರೆ ಅವರು ತಳ್ಳಿ ತೆರೆದ ಬಾಗಿಲಿನಲ್ಲೇ ನಮ್ಮ ಮೊದಲ ತಲೆಮಾರಿನ ಡಾಕ್ಟರುಗಳು, ಎಂಜಿನಿಯರುಗಳು ಬಂದು ಕನ್ನಡ ಕೂಟ ಕಟ್ಟಿದರು. ನಾನು ಅವರ ಹಿಂದೆ ಬಂದೆ.

ಯುದ್ಧ ಮುಗಿದರೆ ಯುದ್ಧವಿರೋಧಿ ಪಕ್ಷಕ್ಕೆ ಏನು ಕೆಲಸ? 1972ರಲ್ಲಿ ಅವರ ಅಧ್ಯಕ್ಷ ಅಭ್ಯರ್ಥಿ ಡಾಕ್ಟರ್ ಬೆಂಜಮಿನ್ ಸ್ಪಾಕ್. ಮಕ್ಕಳನ್ನು ಬೆಳೆಸುವುದು ಹೇಗೆಂದು 1946ರಲ್ಲಿ ಅವರು ಬರೆದ ಪುಸ್ತಕ ಅಮೆರಿಕದ ಮನೆಮನೆಯಲ್ಲಿತ್ತು. ಹಾಗೆ ಬೆಳೆದ ಮಕ್ಕಳನ್ನು ಯುದ್ಧಕ್ಕೆ ಕಳಿಸಬೇಡಿ ಎಂದು ಅವರು ಬೀದಿಗಿಳಿದಿದ್ದರು. ದೇಶದಲ್ಲಿ ಅವರಿಗೆ ಬಂದ ಸುಮಾರು 78 ಸಾವಿರ ಮತಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾದವು. ನಂತರ ಯುದ್ಧ ನಿಂತಿತು. ಬಂದವರಲ್ಲಿ ಬಹುಪಾಲು ಮನೆಗೆ ಮರಳಿದರು. ಉಳಿದವರು 1970ರ ದಶಕದ ನಡುವೆ ತಾವು ಸಮಾಜವಾದಿಗಳು, ಸ್ತ್ರೀವಾದಿಗಳು ಎಂದು ನೇರವಾಗಿ ಸಾರಿಕೊಂಡು ಸಣ್ಣ ಸಂಸಾರ ಮುಂದುವರಿಸಿದರು. ಬಾಡಿಗೆ, ಕೂಲಿ, ಆರೋಗ್ಯ, ಜೈಲು, ಯುದ್ಧ ಇವೇ ಅವರ ವಿಷಯ. ಹಲವು ಎಡಪಂಥೀಯ ಗುಂಪುಗಳು ಒಂದೇ ಛತ್ರದಲ್ಲಿ ಇಳಿದುಕೊಂಡ ಹಾಗೆ. ಛತ್ರದಲ್ಲಿ ಜಗಳವೂ ಇರುತ್ತದೆ.

ಅವರಿಗೆ ಬಂದ ಮತಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದೇನೆ. 2004ರಲ್ಲಿ ಅಭ್ಯರ್ಥಿ ಲೆನರ್ಡ್ ಪೆಲ್ಟಿಯರ್, ಜೈಲಿನಲ್ಲಿದ್ದ ಮೂಲನಿವಾಸಿ ಹೋರಾಟಗಾರ. ಬಂದದ್ದು ಮತ್ತೆ ಸುಮಾರು 27 ಸಾವಿರ. 36 ವರ್ಷಗಳ ನಂತರ, ಇನ್ನೊಬ್ಬ ಅಭ್ಯರ್ಥಿಗೆ, ಹೆಚ್ಚು ಕಡಿಮೆ ಅಷ್ಟೇ ಜನ! 2008ರಲ್ಲಿ ನೇಡರ್ ಇವರ ಹೆಸರಿನಲ್ಲಿ ನಿಂತಾಗ 1 ಲಕ್ಷ 8 ಸಾವಿರ. 2012ರಲ್ಲಿ ಟಿವಿ ನಟಿ ರೋಸ್ಯಾನ್ ಬಾರ್‌ಗೆ 53 ಸಾವಿರ. ಅದೇ 2012ರಲ್ಲಿ 27 ವರ್ಷದ ಪೀಟಾ ಲಿಂಡ್ಸೆ ಎಂಬಾಕೆಯ ಹೆಸರನ್ನು ಪ್ರಾಥಮಿಕ ಮತಪತ್ರಕ್ಕೆ ಕಳಿಸಿದರು. ರಾಜ್ಯ ಮತ್ತೆ ವಯಸ್ಸು ಸಾಲದು ಎಂದಿತು. ಇವರು ಕೋರ್ಟಿಗೆ ಹೋದರು, 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. 1968ರಲ್ಲಿ ಕಲಿಯದ ಪಾಠ ಎನ್ನುವವರು ಎನ್ನಲಿ. ಹಟ ಎನ್ನುವ ಸೊತ್ತಿಗೆ ಅಡಾವೆ ಪತ್ರಿಕೆಯಲ್ಲಿ ಕಾಲಂ ಇಲ್ಲ.

ಒಮ್ಮೆ ಈ ಸಂಸ್ಥೆ ಮುಚ್ಚಿಯೂ ಹೋಗಿತ್ತು. ರಾಜ್ಯಮಟ್ಟದ ಯಾವುದಾದರೂ ಒಂದು ಹುದ್ದೆಗೆ ಶೇಕಡಾ 2ರಷ್ಟಾದರೂ ಮತ ಬಂದರೆ ಪಕ್ಷದ ಮಾನ್ಯತೆ ಉಳಿಯುತ್ತದೆ ಎಂಬುದು ಆಗಿನ ನಿಯಮ. 1998ರಲ್ಲಿ ಒಂದರಲ್ಲೂ ಬರಲಿಲ್ಲ. ಹೆಸರು ಮತಪತ್ರದಿಂದ ಹೋಯಿತು. ನಮ್ಮ ಕಡೆ ಇಂಥ ಪಕ್ಷಗಳು ಹೀಗೇ ಒಂದು ದಿನ ಸದ್ದಿಲ್ಲದೆ ದೊಡ್ಡದರಲ್ಲಿ ವಿಲೀನವಾಗುತ್ತವೆ. ಇವರು ವಿಲೀನವಾಗಲಿಲ್ಲ. 1967ರಂತೆಯೇ ಮತ್ತೆ ಒಬ್ಬೊಬ್ಬರನ್ನೇ ನೋಂದಾಯಿಸಲು ಕೂತರು. 2002ರ ಗವರ್ನರ್ ಚುನಾವಣೆಯಲ್ಲಿ ಮತದಾನ ಕಡಿಮೆಯಾಯಿತು. ಮತ ಕಡಿಮೆಯಾದರೆ ಅದರ ಶೇಕಡಾ 1 ಕೂಡ ಕಡಿಮೆಯಾಗುತ್ತದಲ್ಲ! ಸುಮಾರು 77 ಸಾವಿರಕ್ಕೆ ಇಳಿದ ಆ ಗೆರೆಯನ್ನು ದಾಟಿ 2003ರಲ್ಲಿ ಮತ್ತೆ ಪಟ್ಟಿಗೆ ಬಂದರು. ಜನ ಬೇಸತ್ತು ಮನೆಯಲ್ಲಿ ಕೂತದ್ದೇ ಇವರಿಗೆ ಒದಗಿ ಬಂತು.

ಪಟ್ಟಿಯಲ್ಲಿ ಮೇಲೆ ಹೇಳಿದ ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷವನ್ನೂ ಇಲ್ಲಿ ನೆನೆಯಬೇಕು. ಜನಾಂಗ ಪ್ರತ್ಯೇಕತೆಯ ಪರವಾಗಿದ್ದ ಜಾರ್ಜ್ ವಾಲೆಸ್‌ಗಾಗಿ ಹುಟ್ಟಿದ ಅದೂ 1968ರ ಅದೇ ಗಡುವಿಗೇ ಕ್ಯಾಲಿಫೋರ್ನಿಯಾದಲ್ಲಿ ಮಾನ್ಯತೆ ಪಡೆದದ್ದು. ಎಡಕ್ಕೊಂದು ಬಲಕ್ಕೊಂದು ಅವಳಿಗಳಂತೆ. 2016ರ ಸುಮಾರಿಗೆ ಅದರ ಹೆಸರಿನಲ್ಲಿ ಐದು ಲಕ್ಷದ ಹತ್ತಿರ ಮತದಾರರಿದ್ದರು. ಆ ವರ್ಷ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಸಮೀಕ್ಷೆ ಮಾಡಿಸಿದರೆ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ತಾವು ಒಂದು ಪಕ್ಷಕ್ಕೆ ಸೇರಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಇಂಡಿಪೆಂಡೆಂಟ್ ಎಂಬ ಪದ ನೋಡಿ, ಪಕ್ಷೇತರ ಎಂದುಕೊಂಡು ಗುರುತು ಹಾಕಿದ್ದರು. ನನಗೂ ಅಂದು ಅಲ್ಲೇ ಕೈ ಹೋಗಬಹುದಿತ್ತು. ತಪ್ಪಾಗಿ ಜಮೆಯಾದ ಹಣದಿಂದ ತುಂಬಿರುವ ಖಾತೆ ಅದು. ಪೀಸ್ ಅಂಡ್ ಫ್ರೀಡಮ್ ಖಾತೆಯಲ್ಲಿ ಇರುವುದು ಕಡಿಮೆ, ಆದರೆ ಹೆಚ್ಚಿನದು ಗೊತ್ತಿದ್ದು ಕಟ್ಟಿದ ಹಣ.

2010ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪೊಸಿಷನ್ 14 ಎಂಬುದನ್ನು ಅಂಗೀಕರಿಸಿದರು. ಅದರ ಪ್ರಕಾರ ರಾಜ್ಯದ ಹುದ್ದೆಗಳಿಗೂ ಕಾಂಗ್ರೆಸ್ಸಿಗೂ ಪ್ರಾಥಮಿಕ ಸುತ್ತಿನಲ್ಲಿ ಎಲ್ಲ ಪಕ್ಷದವರೂ ಒಟ್ಟಿಗೆ ಓಡಬೇಕು, ನವೆಂಬರಿನ ಅಂತಿಮ ಸುತ್ತಿಗೆ ಮೊದಲಿಬ್ಬರು ಮಾತ್ರ. ಒಬ್ಬನೇ ಪಕ್ಷದ ಇಬ್ಬರಾದರೂ ಸರಿ. ಕೇಳಲು ಸಮಂಜಸವಾಗಿದೆ. ಆದರೆ ಹೆಚ್ಚು ಜನ ಓಟು ಹಾಕುವ ನವೆಂಬರಿನ ಮತಪತ್ರದಲ್ಲಿ ಚಿಕ್ಕ ಪಕ್ಷಗಳ ಹೆಸರು ಇದರಿಂದ ಹೆಚ್ಚುಕಡಿಮೆ ಮಾಯವಾಯಿತು, ಅಧ್ಯಕ್ಷ ಚುನಾವಣೆಯ ಸಾಲೊಂದನ್ನು ಬಿಟ್ಟು. ಸ್ಪರ್ಧೆಯ ಖರ್ಚೂ ಏರಿತು. ಗವರ್ನರ್ ಹುದ್ದೆಗೆ ನಿಲ್ಲಲು ಆ ಹುದ್ದೆಯ ವಾರ್ಷಿಕ ಸಂಬಳದ ಶೇಕಡಾ 2 ಶುಲ್ಕ ಕಟ್ಟಬೇಕು, ಅದು ವಾಪಸು ಬರುವುದಿಲ್ಲ. ಶುಲ್ಕದ ಬದಲು ಸಹಿ ತರಬಹುದು. ಚಿಕ್ಕ ಪಕ್ಷದವರಿಗೆ ಮೊದಲು 150 ಸಹಿ ಸಾಕಿತ್ತು. ಹೊಸ ಪದ್ಧತಿಯಲ್ಲಿ ರಾಜ್ಯಮಟ್ಟದ ಹುದ್ದೆಗೆ ಅದು 10 ಸಾವಿರವಾಯಿತು. ಗ್ರೀನ್, ಲಿಬರ್ಟೇರಿಯನ್ ಪಕ್ಷದವರೊಂದಿಗೆ ಸೇರಿ ಇವರು ಈ ಪದ್ಧತಿಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಅಲ್ಲೂ ಸೋತರು.

ಆದರೂ ಒಂದು ಅಂಕಿ ನನ್ನನ್ನು ಹಿಡಿದು ನಿಲ್ಲಿಸಿತು. 2018ರ ಜೂನಿನ ಪ್ರಾಥಮಿಕ ಸುತ್ತಿನಲ್ಲಿ ರಾಜ್ಯದ ಕಂಟ್ರೋಲರ್ ಹುದ್ದೆಗೆ ಮೂವರೇ ಅಭ್ಯರ್ಥಿಗಳು. ಕಂಟ್ರೋಲರ್ ಎಂದರೆ ಕ್ಯಾಲಿಫೋರ್ನಿಯಾದ ಮುಖ್ಯ ಲೆಕ್ಕಾಧಿಕಾರಿ, ನನ್ನ ಕಸುಬಿನವರೇ. ಡೆಮಾಕ್ರಟ್, ರಿಪಬ್ಲಿಕನ್, ಪೀಸ್ ಅಂಡ್ ಫ್ರೀಡಮ್. ಮೂರನೆಯವರಿಗೆ ಬಂದದ್ದು ಸುಮಾರು ಶೇಕಡಾ 4, ಅಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮತ. ಪಕ್ಷಕ್ಕೆ ಹೆಸರು ಬರೆಸಿದವರ ದುಪ್ಪಟ್ಟಿಗೂ ಮಿಗಿಲು. ಹೆಚ್ಚಿನವರಿಗೆ ಅಭ್ಯರ್ಥಿಯ ಮುಖ ಕೂಡ ಗೊತ್ತಿರಲಾರದು. ಎರಡು ದೊಡ್ಡ ಹೆಸರುಗಳ ಕೆಳಗೆ ಮೂರನೆಯ ಸಾಲು ಇತ್ತು, ಅಲ್ಲಿ ಗುರುತು ಹಾಕಿದರು. ಸಾಲು ಇರದಿದ್ದರೆ ಆ ಅತೃಪ್ತಿ ಎಲ್ಲಿ ದಾಖಲಾಗುತ್ತಿತ್ತು? ನಾನು ಅಂದು ಓಟು ಹಾಕಿದ್ದು ಅಧಿಕಾರದಲ್ಲಿದ್ದ ಕಂಟ್ರೋಲರ್‌ಗೇ. ಕೆಲಸ ಚೆನ್ನಾಗಿ ಮಾಡಿದ್ದರು.

ಹಾಗಾದರೆ ಇವರು ಸಾಧಿಸಿದ್ದೇನು? ಯುದ್ಧ ನಿಂತಿತು, ಅದು ಇವರಿಂದ ಎನ್ನಲಾಗದು. ಇವರು ಬೆಂಬಲಿಸಿದ ಕೃಷಿ ಕಾರ್ಮಿಕರಿಗೆ ಸಂಘಟನೆಯ ಹಕ್ಕು ಕೊಡುವ ಕಾನೂನು 1975ರಲ್ಲಿ ಬಂತು, ಸಹಿ ಹಾಕಿದವರು ಡೆಮಾಕ್ರಟಿಕ್ ಗವರ್ನರ್ ಜೆರ್ರಿ ಬ್ರೌನ್, ಹೋರಾಡಿದವರು ಕಾರ್ಮಿಕರು. ಚಿಕ್ಕ ಪಕ್ಷದ ದುಡಿಮೆ ಯಾವಾಗಲೂ ಬೇರೆಯವರ ಖಾತೆಗೆ ಜಮೆಯಾಗುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ಸೀಮೆಯ ಕತೆಯೇ ನೆನಪಾಗುತ್ತಿತ್ತು. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಅಳತೆಯ ವಿಷಯಕ್ಕೆ. ಗೇಣಿ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ದೊಡ್ಡದಾಗಿತ್ತು. ಒಬ್ಬ ಲೆಕ್ಕಿಗನಾಗಿ ಹೇಳುತ್ತೇನೆ, ಅಳತೆಯಲ್ಲಿ ಮೋಸ ಎನ್ನುವುದಕ್ಕಿಂತ ನ್ಯಾಯವಾದ ಬಂಡಾಯದ ಕಾರಣ ಬೇರೆ ಇರಲಾರದು. ಸಮಾಜವಾದಿಗಳು ಅದನ್ನು ಕೈಗೆತ್ತಿಕೊಂಡರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು, ಆಮೇಲೆ 1962ರಲ್ಲೂ 1967ರಲ್ಲೂ ನಮ್ಮ ತೀರ್ಥಹಳ್ಳಿಯಿಂದ ಗೆದ್ದರು. ಒಬ್ಬರು ಗೆದ್ದರೂ ಅವರ ಪಕ್ಷ ಯಾವತ್ತೂ ಸರ್ಕಾರ ಮಾಡಲಿಲ್ಲ. 1972ರಲ್ಲಿ ಗೌಡರು ತೀರಿಕೊಂಡರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂದದ್ದು 1974ರಲ್ಲಿ, ಕಾಂಗ್ರೆಸ್ಸಿನ ದೇವರಾಜ ಅರಸರಿಂದ. ಅರಸರ ಹೆಸರಿಗೆ ಅದು ಜಮೆಯಾದದ್ದು ನ್ಯಾಯವೇ. ಆದರೆ ಆ ಜಮೆಯ ಹಿಂದಿನ ವೋಚರುಗಳನ್ನು ಯಾರೋ ಇಪ್ಪತ್ತು ವರ್ಷ ಒಂದೊಂದಾಗಿ ಸೇರಿಸಿಟ್ಟಿದ್ದರು.

ಅಪ್ಪಯ್ಯ 2023ರಲ್ಲಿ ಹೋದರು. ಕಾರ್ಯಗಳು ಮುಗಿದ ಮೇಲೆ ಅವರ ಟ್ರಂಕಿನ ಕಾಗದಪತ್ರ ವಿಂಗಡಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಎಲ್‌ಐಸಿ ಕಂತಿನ ರಸೀದಿಗಳು, ಕಂದಾಯದ ಚೀಟಿಗಳು, ನನ್ನ ಸಿಎ ಪರೀಕ್ಷೆಯ ಅಂಕಪಟ್ಟಿಯ ನಕಲು. ಅವುಗಳ ನಡುವೆ ಮಡಿಸಿದ ಒಂದು ಹಳದಿ ಚೀಟಿ, 1967ರದು. ಸಮಾಜವಾದಿ ಪಕ್ಷಕ್ಕೆ ಒಂದು ರೂಪಾಯಿ ಕೊಟ್ಟದ್ದಕ್ಕೆ ರಸೀದಿ. ಅವರಿಗೆ ಆಗ 23 ವರ್ಷ, ಅವರ ಮೊದಲ ಓಟು. ಮರುವರ್ಷ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದರು. ಸರ್ಕಾರಿ ನೌಕರನಿಗೆ ಪಕ್ಷ ಇರಕೂಡದು. ಅಲ್ಲಿಂದ ಮುಂದೆ ಯಾರ ಹತ್ತಿರವೂ ಆ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ಚೀಟಿ ಮಾತ್ರ ಎಸೆಯಲಿಲ್ಲ, 56 ವರ್ಷ. ಓಕ್‌ಲ್ಯಾಂಡಿನ ಫುಟ್‌ಪಾತಿನಲ್ಲಿ ಆ ಅರ್ಜಿಯನ್ನು ಅವರು ಅಷ್ಟು ಹೊತ್ತು ಓದಿದ್ದು ಯಾಕೆಂದು ಆಗ ಅರ್ಥವಾಯಿತು.

ಈಗ ಕ್ಯಾಲಿಫೋರ್ನಿಯಾದಲ್ಲಿ ಪಕ್ಷವೊಂದು ಪಟ್ಟಿಯಲ್ಲಿ ಉಳಿಯಬೇಕಾದರೆ ಒಂದು ಗೆರೆ, ಒಟ್ಟು ನೋಂದಾಯಿತ ಮತದಾರರ ಶೇಕಡಾ 0.33. ಎರಡು ಕೋಟಿ ಇಪ್ಪತ್ತು ಲಕ್ಷಕ್ಕೂ ಮೀರಿದ ಮತದಾರರಲ್ಲಿ ಅದು 70 ಸಾವಿರದ ಮೇಲೆ. ಪೀಸ್ ಅಂಡ್ ಫ್ರೀಡಮ್ ಹೆಸರಿನಲ್ಲಿ ಇರುವವರು ಲಕ್ಷಕ್ಕೂ ಹೆಚ್ಚು. ರಾಜ್ಯದ ಮತದಾರರು 1968ರ 86 ಲಕ್ಷದಿಂದ ಎರಡೂವರೆ ಪಟ್ಟಿಗೂ ಮಿಗಿಲಾಗಿ ಬೆಳೆದಿದ್ದಾರೆ, ಇವರು ಅಲ್ಲೇ ಸುತ್ತಮುತ್ತ ಇದ್ದಾರೆ. ಯಾವ ಬ್ಯಾಂಕೂ ಇಂಥ ಸಂಸ್ಥೆಗೆ ಸಾಲ ಕೊಡುವುದಿಲ್ಲ.

ಊರಿಂದ ಮರಳಿದ ಮೇಲೆ ಒಂದು ಭಾನುವಾರ ಕಂಪ್ಯೂಟರಿನ ಮುಂದೆ ಕೂತು ನನ್ನ ನೋಂದಣಿ ಬದಲಾಯಿಸಿದೆ. ಪಕ್ಷವಿಲ್ಲದವನಾಗಿ ಇದ್ದಿದ್ದರೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಯಲ್ಲಿ ಓಟು ಹಾಕಲು ಅವಕಾಶವಿತ್ತು, ಅದು ಈಗ ಹೋಯಿತು. 1967ರಲ್ಲಿ ಆ ಲಕ್ಷ ಜನ ಕೊಟ್ಟ ಬೆಲೆಯೇ ಅದು. ನನ್ನ ಹೆಂಡತಿ ಪರದೆ ನೋಡಿ, "ಅಲ್ಲ ಕಣ್ರೀ, ಅವರು ಹೇಳೋದೆಲ್ಲ ನೀವು ಒಪ್ತೀರಾ?" ಎಂದು ಕೇಳಿದಳು. ಇಲ್ಲ, ಒಪ್ಪುವುದಿಲ್ಲ. ಅವರ ಪ್ರಣಾಳಿಕೆಯ ತೆರಿಗೆ ಲೆಕ್ಕ ಕೂಡುವುದಿಲ್ಲ ಎಂದು ಬೇಕಾದರೆ ಬರೆದು ತೋರಿಸುತ್ತೇನೆ. ನವೆಂಬರಿನಲ್ಲಿ ಯಾರಿಗೆ ಓಟು ಎಂಬುದನ್ನು ಆಯಾ ಸಲ ಹೆಸರು ನೋಡಿ ತೀರ್ಮಾನಿಸುತ್ತೇನೆ. ಆದರೆ ಆ ಸಾಲು ಕಾಗದದ ಮೇಲೆ ಇರಬೇಕು, ಅದನ್ನು ಹಿಡಿದಿಡಲು ಬೇಕಾದ 70 ಸಾವಿರ ಜನರಲ್ಲಿ ನಾನೊಬ್ಬನಾಗಬಹುದು.

ಬದಲಾವಣೆ ದಾಖಲಾಗಿದೆ ಎಂದು ಕೆಲವು ವಾರಗಳಲ್ಲಿ ಕೌಂಟಿ ಕಚೇರಿಯಿಂದ ಒಂದು ಕಾರ್ಡು ಬಂತು. ಅದನ್ನು ಅಪ್ಪಯ್ಯನ ರಸೀದಿಯ ಜೊತೆ ಒಂದೇ ಕವರಿನಲ್ಲಿ ಇಟ್ಟಿದ್ದೇನೆ.